ಎರಡನೇ ಡಿಕಾಕ್ಷನ್

ನಮ್ಮ ಮನೆಗೆ ಬಂದವರು ಕಾಫಿ ಕುಡಿದು ಹೇಳುವ ಮಾತುಗಳನ್ನು ನಾನು ಬಹಳ ವರ್ಷಗಳಿಂದ ಗಮನಿಸುತ್ತ ಬಂದಿದ್ದೇನೆ. "ಕಾಫಿ ಅಂದ್ರೆ ಹೀಗಿರಬೇಕು ನೋಡಿ, ಗಟ್ಟಿಯಾಗಿ!" ಎನ್ನುತ್ತಾರೆ ಒಬ್ಬರು. "ಒಳ್ಳೇ ಬಣ್ಣ ಬಂದಿದೆ" ಎನ್ನುತ್ತಾರೆ ಇನ್ನೊಬ್ಬರು. "ಸ್ಟ್ರಾಂಗ್" ಎನ್ನುವುದಂತೂ ಗಂಡಸರ ಅಚ್ಚುಮೆಚ್ಚಿನ ಮಾತು. "ಬಿಸಿಬಿಸಿಯಾಗಿತ್ತು, ಸಂತೋಷವಾಯಿತು" ಎಂದು ಹರಸಿ ಹೋದ ಹಿರಿಯರೂ ಇದ್ದಾರೆ. ಗಟ್ಟಿ, ಬಣ್ಣ, ಬಿಸಿ. ಇದರಲ್ಲಿ ಕಾಫಿಯ ರುಚಿಯ ಮಾತು ಎಲ್ಲಿ ಬಂತು ಹೇಳಿ? ಗಟ್ಟಿಯಾಗಿದ್ದದ್ದು ಹಾಲು, ಬಣ್ಣ ಕೊಟ್ಟದ್ದು ಚಿಕೋರಿ, ಬಿಸಿ ಮಾಡಿದ್ದು ಗ್ಯಾಸ್ ಒಲೆ. ಪಾಪ, ಕಾಫಿ ಬೀಜದ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಸಾರಿಗೆ ಹುಳಿ ಒಂದು ಎಳೆ ಮುಂದಾದರೆ ಕಂಡುಹಿಡಿಯುತ್ತೇವೆ. ಕೊತ್ತಂಬರಿ ಬೀಜ ಹಳೆಯದೋ ಹೊಸದೋ ಮೂಸಿಯೇ ಹೇಳುತ್ತೇವೆ. ದಿನಕ್ಕೆ ಮೂರು ಸಲ ಕುಡಿಯುವ ಕಾಫಿಯ ವಿಷಯದಲ್ಲಿ ಮಾತ್ರ ನಮ್ಮ ನಾಲಿಗೆ ಯಾಕೆ ಹೀಗೆ ಮೂಕವಾಗಿದೆ? ಇದಕ್ಕೆ ಕಾರಣ ನಮ್ಮ ಮನೆಯ ಹಿತ್ತಾಳೆ ಫಿಲ್ಟರಿನಲ್ಲೇ ಇತ್ತು ಎಂದು ನನಗೆ ತಡವಾಗಿ ಹೊಳೆಯಿತು.

ನಾನು ಶ್ರೀನಗರಕ್ಕೆ ಸೊಸೆಯಾಗಿ ಬಂದದ್ದು 1986ರಲ್ಲಿ. ಬಸ್ ಸ್ಟ್ಯಾಂಡಿನಿಂದ ಹನುಮಂತನಗರದ ಕಡೆಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ ಮನೆ. ಬೆಳಿಗ್ಗೆ ಐದೂವರೆಗೆ ಅತ್ತೆಯವರು ಫಿಲ್ಟರಿಗೆ ಪುಡಿ ತುಂಬಿ ಕುದಿನೀರು ಸುರಿಯುತ್ತಿದ್ದರು. ಕೆಳಗಿಳಿದ ಮೊದಲನೇ ಡಿಕಾಕ್ಷನ್ ಮಾವನವರಿಗೆ, ಆಫೀಸಿಗೆ ಹೋಗುವ ಗಂಡುಮಕ್ಕಳಿಗೆ, ಬಂದ ನೆಂಟರಿಗೆ. ಆಮೇಲೆ ಅದೇ ಚರಟದ ಮೇಲೆ ಮತ್ತೊಂದು ಸಲ ನೀರು ಬೀಳುತ್ತಿತ್ತು. ಆ ಎರಡನೇ ಡಿಕಾಕ್ಷನ್ ಅತ್ತೆಗೆ, ನನಗೆ, ಮಕ್ಕಳಿಗೆ, ಪಾತ್ರೆ ತೊಳೆಯುವವಳಿಗೆ. ಒಂದೇ ಫಿಲ್ಟರು, ಎರಡು ವರ್ಗದ ಕಾಫಿ! ರೈಲಿನಲ್ಲಾದರೂ ಟಿಕೆಟಿಗೆ ಬೇರೆ ಬೇರೆ ದರ ಇರುತ್ತದೆ. ಯಾರೂ ಇದನ್ನು ಅನ್ಯಾಯ ಎಂದುಕೊಂಡಿರಲಿಲ್ಲ, ಅತ್ತೆಯವರಂತೂ ಅಲ್ಲವೇ ಅಲ್ಲ. "ನಂಗೆ ಗಟ್ಟಿ ಕಾಫಿ ಆಗಲ್ಲಮ್ಮ, ಪಿತ್ತ" ಎನ್ನುತ್ತಿದ್ದರು. ನಾನೂ ನಂಬಿದ್ದೆ.

ನಾನು ಸಕಲೇಶಪುರದ ಕಡೆಯವಳು. ಹಾಗೆಂದೊಡನೆ ಎಲ್ಲರೂ "ಓಹೋ, ಕಾಫಿ ಸೀಮೆ! ನಿಮಗೇನು ಬಿಡಿ" ಎನ್ನುತ್ತಾರೆ. ನಮ್ಮಪ್ಪ ಮೇಷ್ಟರು, ತೋಟದ ಮಾಲೀಕರಲ್ಲ. ನಮ್ಮ ಮನೆಯಲ್ಲಿ ಬೆಲ್ಲದ ನೀರಿಗೆ ಪುಡಿ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಹಾಲು ತೋರಿಸಿದರೆ ಕಾಫಿ ಆಯಿತು. ಕಾಫಿ ಸೀಮೆಯಲ್ಲಿ ಹುಟ್ಟಿಯೂ ನಾನು ಬೀಜ ಆರಿಸುವುದನ್ನು ಕಲಿತದ್ದು ಇಲ್ಲಿಯ ಬಡಾವಣೆಯ ಅಂಗಡಿಯಲ್ಲಿ.

ಆ ಅಂಗಡಿಯ ವಾಸನೆ ಎರಡು ತಿರುವು ಮೊದಲೇ ಸಿಗುತ್ತಿತ್ತು. "ಎಷ್ಟು ಚಿಕೋರಿ ಅಮ್ಮಾ?" ಎಂದು ಅವರು ಕೇಳಬೇಕು, "ಅರವತ್ತು–ನಲವತ್ತು" ಎಂದು ನಾನು ಅತ್ತೆ ಹೇಳಿಕೊಟ್ಟ ಪಾಠ ಒಪ್ಪಿಸಬೇಕು. ಒಮ್ಮೆ ಕಾಯುವಾಗ ಡಬ್ಬಗಳ ಮೇಲಿನ ಹೆಸರು ಓದತೊಡಗಿದೆ: ಪ್ಲಾಂಟೇಷನ್ ಎ, ಪೀಬೆರಿ, ಚೆರ್ರಿ. ಇವೆಲ್ಲ ಬೇರೆ ಬೇರೆ ಗಿಡಗಳೆಂದು ಭಾವಿಸಿದ್ದೆ. ಹಾಗಲ್ಲ. ಗಿಡದಲ್ಲಿ ಮುಖ್ಯವಾಗಿ ಎರಡು ಜಾತಿ, ಅರೇಬಿಕಾ ಮತ್ತು ರೋಬಸ್ಟಾ. ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಅರೇಬಿಕಾಕ್ಕೆ ನಮ್ಮ ದೇಶದ ವ್ಯಾಪಾರದಲ್ಲಿ ಪ್ಲಾಂಟೇಷನ್ ಎಂದೂ, ತೊಳೆದ ರೋಬಸ್ಟಾಕ್ಕೆ ಪಾರ್ಚ್‌ಮೆಂಟ್ ಎಂದೂ, ಇಡೀ ಹಣ್ಣನ್ನೇ ಕಣದಲ್ಲಿ ಒಣಗಿಸಿದ್ದಕ್ಕೆ ಚೆರ್ರಿ ಎಂದೂ ಹೆಸರು. ಎ, ಬಿ ಎನ್ನುವುದು ಬೀಜದ ಗಾತ್ರ. ಜರಡಿಯ ತೂತಿನ ಲೆಕ್ಕ, ರುಚಿಯದಲ್ಲ.

ಪೀಬೆರಿಯ ಬಗ್ಗೆಯಂತೂ ನಮ್ಮ ಹೆಂಗಸರಲ್ಲಿ ಒಂದು ಭಕ್ತಿಯೇ ಇದೆ. "ನಾವು ಪೀಬೆರಿ ಬಿಟ್ಟು ಬೇರೆ ಮುಟ್ಟಲ್ಲ" ಎನ್ನುವಾಗಿನ ಮುಖದ ಕಳೆ ನೋಡಬೇಕು. ಸಾಮಾನ್ಯವಾಗಿ ಒಂದು ಹಣ್ಣಿನಲ್ಲಿ ಎರಡು ಬೀಜ ಬೆನ್ನಿಗೆ ಬೆನ್ನು ಕೊಟ್ಟ ಸವತಿಯರಂತೆ ಚಪ್ಪಟೆಯಾಗಿ ಕೂತಿರುತ್ತವೆ. ಕೆಲವು ಹಣ್ಣಿನಲ್ಲಿ ಒಂದೇ ಬೀಜ ಬಲಿತು, ಇಡೀ ಮನೆ ತನ್ನದೇ ಎಂದು ದುಂಡಗಾಗುತ್ತದೆ. ಅದೇ ಪೀಬೆರಿ. ದುಂಡಗಿರುವುದರಿಂದ ಹುರಿಯುವಾಗ ಉರುಳಿ ಸಮನಾಗಿ ಬೇಯುತ್ತದೆ ಎನ್ನುತ್ತಾರೆ, ಇರಬಹುದು. ಆದರೆ ರೋಬಸ್ಟಾದಲ್ಲೂ ಪೀಬೆರಿ ಇದೆ! ಬರೇ ಪೀಬೆರಿ ಎಂದರೆ "ನಮ್ಮ ಹುಡುಗ ಗುಂಡುಗುಂಡಗಿದ್ದಾನೆ" ಎಂದಷ್ಟೇ ಆಯಿತು; ಗುಣ ತಿಳಿಯಲಿಲ್ಲ. ಯಾವುದರ ಪೀಬೆರಿ ಎಂದು ಕೇಳಬೇಕು. ಕೇಳಿದರೆ ಅಂಗಡಿಯವರು ಒಂದು ಕ್ಷಣ ನಮ್ಮನ್ನು ಬೇರೆ ಥರ ನೋಡುತ್ತಾರೆ.

ನಮಗೆ ಬೀಜದ ಊರು–ಕೇರಿ ತಿಳಿಯದೆ ಹೋದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಬಾಬಾ ಬುಡನ್ ಮೆಕ್ಕಾದಿಂದ ಬರುವಾಗ ಏಳು ಬೀಜ ತಂದ ಕಥೆ ನಿಮಗೆಲ್ಲ ಗೊತ್ತು, ಅದಿರಲಿ. 1942ರ ಕಾಫಿ ಕಾಯಿದೆಯ ಕೆಳಗೆ ಬೆಳೆಗಾರರೆಲ್ಲ ತಮ್ಮ ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಅಲ್ಲಿ ದರ್ಜೆಯ ಪ್ರಕಾರ ಒಟ್ಟುಗೂಡಿ ಹರಾಜಾಗುತ್ತಿತ್ತು. ಕಷ್ಟಪಟ್ಟು ಚೆನ್ನಾಗಿ ಬೆಳೆದವನದೂ ಹೇಗೋ ಬೆಳೆದವನದೂ ಒಂದೇ ರಾಶಿ. ತೊಂಬತ್ತರ ದಶಕದ ಮೊದಲಲ್ಲಿ ಈ ಕಟ್ಟು ಸಡಿಲಾಗುತ್ತ ಬಂದು 1996ಕ್ಕೆ ಪೂರ್ತಿ ಬಿಚ್ಚಿತು. ಈಗ ಪೊಟ್ಟಣದ ಮೇಲೆ ತೋಟದ ಹೆಸರು, ಬೆಟ್ಟದ ಎತ್ತರ ಎಲ್ಲ ಇರುತ್ತದೆ. ನಾನು ಅವುಗಳಿಗಿಂತ ಮೊದಲು ಹುಡುಕುವುದು ಹುರಿದ ತಾರೀಖನ್ನು. ಅದಿಲ್ಲದಿದ್ದರೆ ತೋಟ ಯಾವ ಬೆಟ್ಟದ ಮೇಲಿದ್ದರೆ ನನಗೇನು?

ಇನ್ನು ಚಿಕೋರಿ. ಇದನ್ನು ಬೈಯುವುದು ಈಗ ಫ್ಯಾಷನ್ನು. ನಾನು ಅಷ್ಟು ದೂರ ಹೋಗುವುದಿಲ್ಲ. ಅದೊಂದು ಗಿಡದ ಬೇರು. ನಮ್ಮಲ್ಲಿ ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುತ್ತಾರೆ. ಒಣಗಿಸಿ, ಹುರಿದು, ಪುಡಿ ಮಾಡುತ್ತಾರೆ. ನೆಪೋಲಿಯನ್ ಕಾಲದಲ್ಲಿ ಕಾಫಿ ಸಿಗದೆ ಫ್ರಾನ್ಸಿನವರು ಇದರ ಮೊರೆ ಹೊಕ್ಕಿದ್ದರು. ವಿಷವಲ್ಲ, ಕಲಬೆರಕೆಯೂ ಅಲ್ಲ, ಹೇಳಿ ಬೆರೆಸಿದರೆ. ಮಿಶ್ರಣದಲ್ಲಿ ನೂರಕ್ಕೆ ಐವತ್ತೊಂದು ಪಾಲಾದರೂ ಕಾಫಿ ಇರಬೇಕು, ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಬೇಕು ಎಂದು ಕಾನೂನಿದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಕಾಫಿಯ ಪರಿಮಳವೂ ಇಲ್ಲ. ಇರುವುದು ಕಪ್ಪು ಬಣ್ಣ, ಒಂದು ಸುಟ್ಟ ಬೆಲ್ಲದಂಥ ಕಹಿಸಿಹಿ, ಮತ್ತು ಡಿಕಾಕ್ಷನ್ನನ್ನು ಮಂದ ಮಾಡುವ ಗುಣ. ಅಂದರೆ ನಮ್ಮ ನೆಂಟರು ಹೊಗಳುತ್ತಾರಲ್ಲ, ಗಟ್ಟಿ, ಬಣ್ಣ, ಸ್ಟ್ರಾಂಗ್, ಅವೆಲ್ಲ ಬೇರಿನ ಗುಣಗಳು! ನನ್ನ ತಕರಾರು ಚಿಕೋರಿಯ ಮೇಲಲ್ಲ. ಚಿಕೋರಿಯನ್ನು ಹೊಗಳಿ ಕಾಫಿಯನ್ನು ಹೊಗಳಿದೆವೆಂದುಕೊಳ್ಳುತ್ತೇವಲ್ಲ, ಅದರ ಮೇಲೆ. ನಲವತ್ತು ಪಾಲು ಚಿಕೋರಿ ಇರುವಲ್ಲಿ ಬೀಜ ಒಳ್ಳೆಯದಾದರೂ ಗೊತ್ತಾಗುವುದಿಲ್ಲ, ಕೆಟ್ಟದ್ದಾದರೂ ಗೊತ್ತಾಗುವುದಿಲ್ಲ. ಕೆಟ್ಟ ಹಾಡುಗಾರನಿಗೆ ಜೋರಾದ ಪಕ್ಕವಾದ್ಯ ಇದ್ದ ಹಾಗೆ.

ಹೀಗೆಂದು ತಿಳಿದ ಉತ್ಸಾಹದಲ್ಲಿ ಒಂದು ದಿನ, ನಮ್ಮ ಮಾಮೂಲಿ ಅಂಗಡಿ ಮುಚ್ಚಿದ್ದರಿಂದ ಬೇರೊಂದು ಕಡೆ, "ಚಿಕೋರಿ ಬೇಡ, ಶುದ್ಧ ಕಾಫಿ ಕೊಡಿ" ಎಂದು ಹೆಚ್ಚು ದುಡ್ಡು ಕೊಟ್ಟು ಕಾಲು ಕಿಲೋ ತಂದೆ. ಮನೆಯಲ್ಲಿ ಗಾಜಿನ ಲೋಟಕ್ಕೆ ತಣ್ಣೀರು ತುಂಬಿ ಒಂದು ಚಿಟಿಕೆ ಉದುರಿಸಿದೆ. ಶುದ್ಧ ಕಾಫಿಪುಡಿ ಸಾಕಷ್ಟು ಹೊತ್ತು ಮೇಲೆ ತೇಲುತ್ತದೆ, ಚಿಕೋರಿ ಕಂದು ಗೆರೆ ಎಳೆಯುತ್ತ ತಳಕ್ಕಿಳಿಯುತ್ತದೆ. ನನ್ನ ಲೋಟದಲ್ಲಿ ಗೆರೆಗಳು ಮಳೆಯ ಹಾಗೆ ಇಳಿದವು. ಹೋಗಿ ಜಗಳವಾಡಿದೆನೇ? ಇಲ್ಲ. ಆ ಅಂಗಡಿಯ ಕಡೆ ಮತ್ತೆ ತಲೆ ಹಾಕಲಿಲ್ಲ, ಅಷ್ಟೆ. ಆವತ್ತಿನಿಂದ ಬೀಜವನ್ನೇ ಕಣ್ಣಾರೆ ನೋಡಿ, ಎದುರಿಗೇ ಪುಡಿ ಮಾಡಿಸುತ್ತೇನೆ. ತೀರಾ ಕಪ್ಪಗೆ ಹುರಿದು ಎಣ್ಣೆ ಜಿನುಗುವ ಬೀಜ ನನಗೆ ಬೇಡ. ಅಷ್ಟು ಹುರಿದರೆ ಹುಳುಕಿನ ರುಚಿಯೂ ಮುಚ್ಚಿಹೋಗುತ್ತದೆ.

ನಿಜವಾದ ಶುದ್ಧ ಕಾಫಿ ಮನೆಗೆ ಬಂದ ದಿನ ಏನಾಯಿತು ಗೊತ್ತೆ? ನಮ್ಮವರು ಒಂದು ಗುಟುಕು ಕುಡಿದು, "ಯಾಕೆ, ಪುಡಿ ಮುಗಿದಿತ್ತಾ?" ಎಂದರು. ಅವರ ಪ್ರಕಾರ ಅದು ತೆಳು, ಮೇಲಾಗಿ ಹುಳಿ. ಅರೇಬಿಕಾಕ್ಕೆ ಸಹಜವಾದ ಒಂದು ಎಳೆ ಹುಳಿ ಇದೆ. ಕೆಟ್ಟ ಹಾಲಿನ ಹುಳಿಯಲ್ಲ, ಕಿತ್ತಳೆಯ ನೆನಪು ತರುವಂಥದು. ನಲವತ್ತು ವರ್ಷ ಚಿಕೋರಿ ಕುಡಿದ ನಾಲಿಗೆಗೆ ಅದು ತಪ್ಪಿನಂತೆ ಕಂಡಿತು. ನಾನು ಹಟ ಹಿಡಿಯಲಿಲ್ಲ, ಹತ್ತು ಹತ್ತು ಪಾಲು ಇಳಿಸುತ್ತ ಬಂದೆ. ಕೊನೆಗೆ ಪ್ಲಾಂಟೇಷನ್ ಎಂಬತ್ತು, ತೊಳೆದ ರೋಬಸ್ಟಾ ಇಪ್ಪತ್ತು ಎಂಬಲ್ಲಿಗೆ ನಿಂತಿತು. ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್, ಜೊತೆಗೆ ಕಹಿ, ಮೈಕಟ್ಟು. ನಮ್ಮವರ "ಗಟ್ಟಿ"ಗೆ ಅಷ್ಟು ಸಾಕಾಯಿತು.

ಮಾಡುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಪುಡಿ ತೀರಾ ನುಣ್ಣಗಿದ್ದರೆ ಫಿಲ್ಟರಿನ ತೂತು ಕಟ್ಟಿಕೊಂಡು ಬೆಳಗಿನ ಜಾವ ನಾವು ಫಿಲ್ಟರಿನ ತಲೆಗೆ ಮೊಟಕುತ್ತ ನಿಲ್ಲಬೇಕಾಗುತ್ತದೆ. ತರಿಯಾದರೆ ನೀರು ಓಡಿಹೋಗುತ್ತದೆ. ಸಣ್ಣ ರವೆಗಿಂತ ಒಂದಿಷ್ಟು ನಯ ಇದ್ದರೆ ಸರಿ. ಮೂವತ್ತು ಗ್ರಾಂ ಪುಡಿಗೆ ಇನ್ನೂರು ಮಿಲಿಲೀಟರ್ ನೀರು ನನ್ನ ಲೆಕ್ಕ. ಕುದಿ ಬಂದ ನೀರನ್ನು ಇಳಿಸಿ, ಗುಳ್ಳೆ ಅಡಗಿದ ಮೇಲೆ ಮೊದಲು ಪುಡಿ ನೆನೆಯುವಷ್ಟು ಹಾಕಿ ಅರ್ಧ ನಿಮಿಷ ಬಿಡಿ. ಪುಡಿ ಉಬ್ಬಿದರೆ ಬೀಜ ಹೊಸದಾಗಿ ಹುರಿದದ್ದೆಂದು ಅರ್ಥ. ಆಮೇಲೆ ಉಳಿದ ನೀರು. ಬೋರ್‌ವೆಲ್ ನೀರಿಗಿಂತ ಕಾವೇರಿ ನೀರಿನಲ್ಲಿ ಪರಿಮಳ ಚೆನ್ನಾಗಿ ಏಳುತ್ತದೆ. ಡಿಕಾಕ್ಷನ್ನನ್ನು ಮಾತ್ರ ದಯವಿಟ್ಟು ಒಲೆಯ ಮೇಲಿಟ್ಟು ಕುದಿಸಬೇಡಿ. ಪುಡಿಯನ್ನು ತಿಂಗಳಿಗಾಗುವಷ್ಟು ತಂದು ಫ್ರಿಜ್ಜಿನಲ್ಲಿ ಬೆಳ್ಳುಳ್ಳಿಯ ಪಕ್ಕದಲ್ಲಿ ಇಡುವವರಿಗೆ ನಾನು ಏನೂ ಹೇಳುವುದಿಲ್ಲ.

ಒಂದು ವಿಷಯ ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಹಾಸನ, ಹುಣಸೂರು, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಾಲಾಗಿ ಕೂತು ಕೆಟ್ಟ ಬೀಜ ಆರಿಸಿ ತೆಗೆದವರು ಹೆಂಗಸರು. ಇದೇ ಬೆಂಗಳೂರಿನಲ್ಲಿ, ಕಾಫಿ ಮಂಡಳಿಯಲ್ಲಿ ಎಪ್ಪತ್ತರ ದಶಕದಿಂದ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾಫಿಯ ರುಚಿ ನೋಡಿ ಗುಣ ಹೇಳಿದವರು ಸುನಾಲಿನಿ ಮೆನನ್. ಏಷ್ಯಾದ ಮೊದಲ ವೃತ್ತಿಪರ ಮಹಿಳಾ ಕಾಫಿ ರುಚಿಗಾರ್ತಿ ಎಂದು ಅವರಿಗೆ ಹೆಸರು. ಆಮೇಲೆ ಇಲ್ಲೇ ಸ್ವಂತ ಪ್ರಯೋಗಾಲಯ ತೆರೆದರು. ದೇಶದ ಕಾಫಿಗೆ ಒಬ್ಬ ಹೆಣ್ಣಿನ ನಾಲಿಗೆ ಪ್ರಮಾಣವಾಗಿದ್ದ ಅದೇ ವರ್ಷಗಳಲ್ಲಿ, ಕೆಲವೇ ಮೈಲಿ ಆಚೆ ನಮ್ಮ ಅಡುಗೆಮನೆಯಲ್ಲಿ ಕಾಫಿ ಮಾಡುವವಳಿಗೆ ತಾನು ಮಾಡಿದ ಕಾಫಿಯ ರುಚಿಯೇ ಗೊತ್ತಿರಲಿಲ್ಲ. ಚರಟದ ನೀರು ಕುಡಿದು ಬೀಜದ ವಿಮರ್ಶೆ ಮಾಡುವುದು ಹೇಗೆ?

ಅತ್ತೆಯವರು ಕೊನೆಗಾಲದಲ್ಲಿ ಹಾಸಿಗೆ ಹಿಡಿದಿದ್ದಾಗ ಡಾಕ್ಟರು ದಿನಕ್ಕೆ ಒಂದೇ ಲೋಟ ಕಾಫಿ ಎಂದಿದ್ದರು. ಒಂದೇ ಆದರೆ ಮೊದಲನೆಯದೇ ಇರಲಿ ಎಂದು ನಾನು ಅವರನ್ನು ಕೇಳದೆ ಮೊದಲನೇ ಡಿಕಾಕ್ಷನ್ನಿನಿಂದಲೇ ಬೆರೆಸಿ ಕೊಟ್ಟೆ. ನಿಧಾನವಾಗಿ ಕುಡಿದರು. ಲೋಟ ಕೆಳಗಿಡದೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನೇನೇ ಅವರು ಅಷ್ಟು ವರ್ಷ ಕುಡಿದದ್ದು?" ಎಂದರು. ಮೆಚ್ಚಿದರೋ ನೊಂದರೋ ನನಗೆ ತಿಳಿಯಲಿಲ್ಲ. ಪಿತ್ತದ ಮಾತು ಮಾತ್ರ ಆಮೇಲೆ ಬರಲಿಲ್ಲ. ಮಾರನೆಯ ಬೆಳಿಗ್ಗೆ ಲೋಟ ಕೈಗೆ ತೆಗೆದುಕೊಳ್ಳುವ ಮೊದಲು "ನಿನ್ನೇದೇ ತಾನೆ?" ಎಂದು ಕೇಳಿ ಖಾತ್ರಿ ಮಾಡಿಕೊಂಡರು.

ಈಗಿನ ಹೊಸ ಕಾಫಿ ಅಂಗಡಿಗಳಿಗೆ ಮಗಳು ನನ್ನನ್ನು ಕರೆದುಕೊಂಡು ಹೋಗಿದ್ದಾಳೆ. ಹಾಲಿಲ್ಲದ ಕಾಫಿ, ಅದರಲ್ಲಿ ಮಲ್ಲಿಗೆ ಇದೆ, ಬೆರ್ರಿ ಹಣ್ಣಿದೆ ಎಂದು ಚೀಟಿಯಲ್ಲಿ ಬರೆದಿರುತ್ತಾರೆ. ನನಗೆ ಅರ್ಧ ಸಿಕ್ಕಿತು, ಅರ್ಧ ಸಿಗಲಿಲ್ಲ. ಆ ಮಾತುಗಳಲ್ಲಿ ಆಡಂಬರ ಇದೆ, ನಿಜ. ನಾವು ಕಂಡೇ ಇರದ ಹಣ್ಣಿನ ಹೆಸರು ಹೇಳಿದರೆ ಏನು ಪ್ರಯೋಜನ? ಹುಣಸೆ, ಕಿತ್ತಳೆ, ಹುರಿದ ಕಡಲೆ, ಜೋನಿಬೆಲ್ಲ ಎನ್ನಬಾರದೆ? ಆದರೂ "ಗಟ್ಟಿ, ಬಣ್ಣ, ಬಿಸಿ"ಯನ್ನು ದಾಟಿ ಹುಡುಗರು ಬೀಜದ ಬಗ್ಗೆ ಮಾತಾಡುತ್ತಿದ್ದಾರಲ್ಲ ಎಂದು ಒಳಗೊಳಗೇ ಖುಷಿಯಾಯಿತು. ಬಿಲ್ಲು ನೋಡುವವರೆಗೆ.

ಬ್ರೆಜಿಲ್, ವಿಯೆಟ್ನಾಮುಗಳಲ್ಲಿ ಮಳೆ ಕೈಕೊಟ್ಟು 2024ರಲ್ಲಿ ಕಾಫಿಯ ಬೆಲೆ ಏರಿದ ಮೇಲೆ ನಮ್ಮ ಬೀದಿಯಲ್ಲಿ ಹಲವರು ಮತ್ತೆ ಚಿಕೋರಿಯ ಪಾಲು ಹೆಚ್ಚಿಸಿದರು. ನಾನು ಅಳತೆ ಕಡಿಮೆ ಮಾಡಿದೆ, ಬೀಜ ಬದಲಿಸಲಿಲ್ಲ. ಹತ್ತು ದಿನಕ್ಕೊಮ್ಮೆ ಕಾಲು ಕಿಲೋ. ಬೆಳಿಗ್ಗೆ ಫಿಲ್ಟರಿನಿಂದ ಇಳಿದ ಮೊದಲ ಲೋಟ ನನ್ನದು. ಹಾಲು ಬೆರೆಸುವ ಮೊದಲು ಒಂದು ಚಮಚ ಹಾಗೇ ಬಾಯಿಗೆ ಹಾಕಿಕೊಂಡು ನೋಡುತ್ತೇನೆ. ಎರಡನೇ ಡಿಕಾಕ್ಷನ್ ಈಗಲೂ ಇಳಿಸುತ್ತೇನೆ, ಪುಡಿಯ ಬೆಲೆ ಹಾಗಿದೆ. ಅದು ತಡವಾಗಿ ಏಳುವವರಿಗೆ.