ಅವರೋಹಣಕ್ಕೆ ಮುಂಚೆ ಏಳಬೇಡಿ

"ಬಿಇಟಿ ಎಷ್ಟು ಬಂತು ಸಾರ್?" ಲ್ಯಾಬಿನ ಹೊಸ್ತಿಲಲ್ಲೇ ಕೇಳುತ್ತಾರೆ. ಗ್ರಾಮಿಗೆ ಸಾವಿರ ಚದರ ಮೀಟರ್ ಎಂದರೆ ಮುಖ ಅರಳುತ್ತದೆ, ಇನ್ನೂರು ಎಂದರೆ ಬಾಡುತ್ತದೆ. ಒತ್ತಡಕ್ಕೆ ತಕ್ಕಂತೆ ಎಷ್ಟು ಅನಿಲ ಹಿಡಿಯಿತೆಂದು ತೋರಿಸುವ ಗೆರೆ, ಅಂದರೆ ಐಸೋಥರ್ಮ್, ನೋಡ್ತೀರಾ ಅಂದರೆ "ಮೇಲ್ ಮಾಡಿಬಿಡಿ." ಸಂಗೀತ ಕಛೇರಿಗೆ ಬಂದು ಟಿಕೆಟ್ ದರ ಕೇಳಿಕೊಂಡು ವಾಪಸು ಹೋದ ಹಾಗೆ. 1938ರಲ್ಲಿ ಬ್ರುನಾವರ್, ಎಮ್ಮೆಟ್, ಟೆಲ್ಲರ್ ಕೊಟ್ಟ ಆ ಬಿಇಟಿ ಲೆಕ್ಕ ಮೇಲ್ಮೈ ಎಷ್ಟೆಂದು ಹೇಳುತ್ತದೆ, ರಂಧ್ರ ಎಷ್ಟು ಅಗಲವೆಂದು ಹೇಳುವುದಿಲ್ಲ.

ರಂಧ್ರ ಬೇಕಿದ್ದರೆ ಆ ಐಸೋಥರ್ಮ್ ಗೆರೆಯ ಮುಂದೆ ಕೂರಿ. 77 ಕೆಲ್ವಿನ್‌ನಲ್ಲಿ ನೈಟ್ರೋಜನ್ ಒತ್ತಡ ಏರಿದಂತೆ ಕಿರಿದಾದ ರಂಧ್ರ ಮೊದಲು ತುಂಬುತ್ತದೆ, ಅಗಲವಾದದ್ದು ಆಮೇಲೆ. ಇದು ಆರೋಹಣ, ಯಾರಿಗೂ ಅರ್ಥವಾಗುತ್ತದೆ. ರಾಗದ ಗುಟ್ಟಿರುವುದು ಇಳಿಯುವಾಗ. ಹೋದ ದಾರಿಯಲ್ಲೇ ಗೆರೆ ಹಿಂದಿರುಗುವುದಿಲ್ಲ. ಹೊಟ್ಟೆ ದೊಡ್ಡದು, ಕತ್ತು ಸಣ್ಣದು ಎಂಬಂಥ ರಂಧ್ರದಲ್ಲಿ ಕತ್ತು ಬಿಡುವವರೆಗೂ ಒಳಗಿನ ದ್ರವ ಕದಲುವುದಿಲ್ಲ. ಕತ್ತು ತೀರಾ ಸಣ್ಣದಾದರೆ, ಸಾಪೇಕ್ಷ ಒತ್ತಡ 0.42ರ ಆಸುಪಾಸಿಗೆ ಇಳಿದಾಗ ನೈಟ್ರೋಜನ್ನಿಗೇ ತಾಳಲಾಗದೆ ಒಳಗೇ ಗುಳ್ಳೆ ಎದ್ದು ಎಲ್ಲ ಒಮ್ಮೆಲೇ ಖಾಲಿ. ಗೆರೆ ದಢಕ್ಕನೆ ಬೀಳುತ್ತದೆ. ರಂಧ್ರದ ಅಗಲ ಹೇಳುವ 1951ರ ಬಿಜೆಎಚ್ ಲೆಕ್ಕಕ್ಕೆ ಇದು ಗೊತ್ತಾಗುವುದಿಲ್ಲ. ಅದು ಈ ಬೀಳುವಿಕೆಯನ್ನು 3.8 ನ್ಯಾನೋಮೀಟರಿನ ರಂಧ್ರವೆಂದೇ ಬರೆದಿಡುತ್ತದೆ.

ನಾನೂ ಬಿದ್ದವನೇ. ಜೇಡಿಮಣ್ಣಿನ ನನ್ನ ಮೊದಲ ಸ್ಯಾಂಪಲ್‌ನಲ್ಲಿ 3.8ರ ಬಳಿ ಸೂಜಿಯಂಥ ಶಿಖರ ಕಂಡು ಲ್ಯಾಬಿಗೆಲ್ಲ ಸಿಹಿ ಹಂಚಿದ್ದೆ. ಹಿರಿಯರೊಬ್ಬರು ಸಿಹಿ ಬಾಯಿಗೆ ಹಾಕಿಕೊಂಡೇ ಡ್ರಾಯರಿನಿಂದ ಹಳೆಯ ಎರಡು ಹಾಳೆ ತೆಗೆದರು, ಒಂದು ಅಲ್ಯೂಮಿನಾ, ಇನ್ನೊಂದು ಇದ್ದಿಲು. ನನ್ನದನ್ನು ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಮೂರೂ ಶಿಖರ ಒಂದರ ಮೇಲೊಂದು ಕೂತವು. "ಇದು ನಿನ್ನ ಮಣ್ಣಿನ ಗುಣ ಅಲ್ಲವೋ, ನೈಟ್ರೋಜನ್ನಿನ ಗುಣ."

ಸಾಚಾ ಕಛೇರಿ ಕೇಳಬೇಕೆಂದರೆ 1998ರಲ್ಲಿ ಬಂದ ಎಸ್‌ಬಿಎ-15 ಎಂಬ ರಂಧ್ರಭರಿತ ಸಿಲಿಕಾದ ಗೆರೆ ನೋಡಿ. ಏರುವ ಗೋಡೆ, ಇಳಿಯುವ ಗೋಡೆ ಎರಡೂ ನೆಟ್ಟಗೆ, ಸಮಾನಾಂತರ. ಸುಮಾರು 4 ನ್ಯಾನೋಮೀಟರ್ ರಂಧ್ರದ ಇನ್ನೊಂದು ಸಿಲಿಕಾ, ಎಂಸಿಎಂ-41, ಇನ್ನೂ ಸೊಗಸು, ಹೋದ ದಾರಿಯಲ್ಲೇ ಸದ್ದಿಲ್ಲದೆ ಬರುತ್ತದೆ.

2 ನ್ಯಾನೋಮೀಟರಿಗಿಂತ ಕಿರಿದಾದ ರಂಧ್ರಗಳಿಗೆ 87 ಕೆಲ್ವಿನ್‌ನ ಆರ್ಗಾನ್ ವಾಸಿ. ರಂಧ್ರದ ಅಗಲಕ್ಕೆ ಡಿಎಫ್‌ಟಿ ಎಂಬ ಹೊಸ ಲೆಕ್ಕ ಒಳ್ಳೆಯದೇ, ಆದರೆ ಅದೂ ಕಣ್ಣಿಗೆ ಬದಲಿಯಲ್ಲ. ಸ್ಯಾಂಪಲ್ಲನ್ನು ಮೊದಲು ನಿರ್ವಾತದಲ್ಲಿ ಬಿಸಿ ಮಾಡಿ ತೇವ ತೆಗೆಯಬೇಕು ಎಂಬುದನ್ನೂ ನಾನೇ ಹೇಳಬೇಕೆ?

ನಿಮ್ಮ ವರದಿಯಲ್ಲೂ 3.8ರ ಹತ್ತಿರ ಚೂಪು ಶಿಖರ ಬಂದರೆ, ಸಿಹಿ ತರಿಸುವ ಮುಂಚೆ ಏರುಗೆರೆಯಿಂದಲೂ ಒಮ್ಮೆ ಲೆಕ್ಕ ಹಾಕಿ. ಅಲ್ಲಿ ಶಿಖರ ಕಾಣದಿದ್ದರೆ ಆ ರಂಧ್ರ ಇಲ್ಲ.