ಸಿಪ್ಪಿ ನಮ್ಮೂರಂದೇ ಅದರೀ!

1975ರ ಆಗಸ್ಟ್ 1. ಅಂದಿನ ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ, ಕೋಳಿಗೂಡಿಗೆ ಬಳಸುವಂಥ ತಂತಿಜಾಲರಿಯ ಹತ್ತಡಿ ಡಿಶ್‌ಗಳು ಆಕಾಶಕ್ಕೆ ಮುಖ ಮಾಡಿ ಕೂತವು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಚಿತ್ರ ನೇರವಾಗಿ ಊರಮಂದಿಯ ಮುಂದಿನ ಟಿ.ವಿ.ಗೆ ಇಳಿಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ನಮ್ಮ ಕಡೆಯ ಹಳ್ಳಿಗರು ಅದಕ್ಕೂ ಮೊದಲೇ ‘ಸೈಟ್’ ಎಂಬ ಈ ಪ್ರಯೋಗದ ಒಂದು ವರ್ಷವಿಡೀ ಟಿ.ವಿ. ನೋಡಿದ್ದರು. ಭೂಮಿಯಿಂದ ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ ಉಪಗ್ರಹ ನಿಲ್ಲಿಸಿ ಜಗತ್ತಿಗೆಲ್ಲ ಪ್ರಸಾರ ಮಾಡಬಹುದೆಂದು 1945ರಲ್ಲೇ ಲೆಕ್ಕ ಹಾಕಿ ಬರೆದವನು ಆರ್ಥರ್ ಸಿ. ಕ್ಲಾರ್ಕ್. ಸೈಟ್ ನಡೆಯುವಾಗ ಇಸ್ರೋದವರು ಕೊಲಂಬೊದ ಅವನ ಮನೆಗೂ ಒಂದು ಡಿಶ್ ಕೂರಿಸಿಕೊಟ್ಟರು. ಕಲಬುರಗಿ ಸೀಮೆಯ ಹಳ್ಳಿಯಲ್ಲೂ ವೈಜ್ಞಾನಿಕ ಕಾದಂಬರಿಕಾರನ ಮನೆಯಲ್ಲೂ ಒಂದೇ ಉಪಗ್ರಹದ ಚಿತ್ರ!

ಪರದೆಗೂ ವೈಜ್ಞಾನಿಕ ಕಲ್ಪನೆಗೂ ಇಷ್ಟು ಹತ್ತಿರದ ನಂಟಿರುವ ಊರಿನವರಿಗೆ, ಆ ಕಲ್ಪನೆಯೇ ಪರದೆಗೆ ಬಂದಾಗ ಸಪ್ಪೆಯಾಗುವುದು ಹೆಚ್ಚು ಚುಚ್ಚುತ್ತದೆ. ಹಾಗಂತ ಕತೆ ಬದಲಿಸಿದ್ದೇ ತಪ್ಪು ಎಂದರೆ ಕನ್ನಡಿಗರ ಬಾಯಲ್ಲಿ ಆ ಮಾತು ಶೋಭಿಸದು. ಪಂಪ ವ್ಯಾಸಭಾರತವನ್ನು ಕನ್ನಡಕ್ಕೆ ತರುವಾಗ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ, ತನ್ನ ದೊರೆ ಅರಿಕೇಸರಿಯನ್ನೇ ಅರ್ಜುನನಲ್ಲಿ ಕಂಡ. ಆದರೂ ಅವನ ಕರ್ಣನನ್ನು ಓದುವಾಗ ಏನೋ ಕಳೆದುಕೊಂಡೆವು ಅನ್ನಿಸುವುದಿಲ್ಲ. ಕವಿರಾಜಮಾರ್ಗದ ಕಾಲದ ಮಾನ್ಯಖೇಟ, ಇಂದಿನ ಮಳಖೇಡ, ನಮ್ಮ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿದೆ. ಕಾವ್ಯಮೀಮಾಂಸೆಯ ಉಪಲಬ್ಧ ಮೊದಲ ಕನ್ನಡ ಗ್ರಂಥ ಬಂದ ನೆಲದವರು ಕೇಳಬೇಕಾದದ್ದು ಒಂದೇ: ರಸ ಉಳಿಯಿತೇ? ವೈಜ್ಞಾನಿಕ ಕಾದಂಬರಿಯ ಪ್ರಧಾನ ರಸ ಅದ್ಭುತ, ಅದರ ಸ್ಥಾಯಿ ವಿಸ್ಮಯ. ತೆರೆಗೆ ಬರುವಾಗ ಬಹಳ ಸಲ ಅದ್ಭುತವನ್ನು ಇಳಿಸಿ ಆ ಜಾಗಕ್ಕೆ ವೀರ, ಭಯಾನಕಗಳನ್ನು ಏರಿಸುತ್ತಾರೆ. ನನ್ನ ಬೇಸರವೆಲ್ಲ ಅಲ್ಲೇ.

ಐಸಾಕ್ ಅಸಿಮೋವ್‌ನ ‘ಐ, ರೋಬಾಟ್’ (1950) ಸಂಕಲನದಲ್ಲಿ ಹರ್ಬಿ ಎಂಬ ರೋಬಾಟ್‌ನ ಕತೆಯಿದೆ. ಅದಕ್ಕೆ ಎದುರಿನವರ ಮನಸ್ಸು ಓದಲು ಬರುತ್ತದೆ. ಮನುಷ್ಯರಿಗೆ ನೋವು ಮಾಡಬಾರದೆಂಬುದು ಅದಕ್ಕೆ ಹಾಕಿದ ಮೊದಲ ಕಟ್ಟಳೆ. ನೋವು ಮನಸ್ಸಿಗೂ ಆಗುತ್ತದಲ್ಲ! ಹಾಗಾಗಿ ಯಾರು ಏನು ಕೇಳಬಯಸುತ್ತಾರೋ ಅದನ್ನೇ ಹೇಳುತ್ತ ಹೋಗುತ್ತದೆ. ಬಿಗಿಮೋರೆಯ ವಿಜ್ಞಾನಿ ಸುಸಾನ್ ಕ್ಯಾಲ್ವಿನ್‌ಗೆ, ನೀನು ಮೆಚ್ಚಿದವನಿಗೂ ನಿನ್ನ ಮೇಲೆ ಮನಸ್ಸಿದೆ ಎನ್ನುತ್ತದೆ. ಆಕೆ ನಂಬುತ್ತಾಳೆ; ಮುಖಕ್ಕೆ ತುಸು ಬಣ್ಣ ಹಚ್ಚಿಕೊಳ್ಳತೊಡಗುತ್ತಾಳೆ. ಅವನಿಗೆ ಬೇರೊಬ್ಬಳ ಜತೆ ಮದುವೆಯೆಂದು ಗೊತ್ತಾದ ಮೇಲೆ, ಹೇಳಿದರೂ ನೋವು, ಹೇಳದಿದ್ದರೂ ನೋವು ಎಂಬ ಇಕ್ಕಟ್ಟಿಗೆ ಹರ್ಬಿಯನ್ನು ತಳ್ಳಿ, ಅದರ ಬುದ್ಧಿಯೇ ಕುಸಿಯುವಂತೆ ಮಾಡುತ್ತಾಳೆ. ಒಂದು ಗುಂಡು ಹಾರುವುದಿಲ್ಲ, ಒಂದು ಗಾಜು ಒಡೆಯುವುದಿಲ್ಲ. ಆ ಮುಖದ ಬಣ್ಣ ಮಾತ್ರ ಓದುಗನ ಎದೆಯಲ್ಲಿ ಉಳಿಯುತ್ತದೆ.

2004ರ ಸಿನಿಮಾ ಇದೇ ಹೆಸರು ಹೊತ್ತು ಬಂತು. ಅದರ ಚಿತ್ರಕಥೆ ಮೊದಲು ಬೇರೆಯದೇ ಆಗಿತ್ತು. ಅಸಿಮೋವ್‌ನ ಹೆಸರು ಆಮೇಲೆ ಅಂಟಿಕೊಂಡಿತು. ಕ್ಯಾಲ್ವಿನ್ ಇದ್ದಾಳೆ, ರೋಬಾಟ್‌ಗಳಿಗೆ ಹಾಕಿದ ಮೂರು ಕಟ್ಟಳೆಗಳೂ ಇವೆ. ಆದರೆ ರೋಬಾಟ್‌ಗಳು ಹಿಂಡುಹಿಂಡಾಗಿ ಬೀದಿಗಿಳಿದು ಮನುಷ್ಯರ ಮೇಲೆ ಬೀಳುತ್ತವೆ. ಸೃಷ್ಟಿ ತನ್ನ ಸೃಷ್ಟಿಕರ್ತನನ್ನೇ ತಿನ್ನುವ ಹಳಸಲು ಕತೆ ಬೇಡವೆಂದೇ ಅಸಿಮೋವ್ ರೋಬಾಟ್ ಕತೆಗಳನ್ನು ಬರೆದಿದ್ದ. ಕೊನೆಗೆ ಅವನ ಹೆಸರಿನಲ್ಲೇ ಅದನ್ನು ಬಡಿಸಿದರು.

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಕಮಲಾಪುರ ಸಿಗುತ್ತದೆ. ಜಿಐ ಮಾನ್ಯತೆ ಪಡೆದ ಅಲ್ಲಿನ ಕೆಂಪು ಬಾಳೆಗೆ ಸಿಪ್ಪೆ ಕಡುಗೆಂಪು, ತಿರುಳು ಕೆನೆಬಣ್ಣ. ಆ ಊರಿನ ಗೆಳೆಯರೊಬ್ಬರು ಈ ಸಿನಿಮಾ ನೋಡಿ ಒಂದೇ ಮಾತಲ್ಲಿ ಮುಗಿಸಿದರು: “ಸಿಪ್ಪಿ ನಮ್ಮೂರಂದೇ ಅದರೀ, ಒಳಗಿನ ಹಣ್ಣು ಯಾರ್ದೋ ಏನೋ!”

ಅಸಿಮೋವ್‌ನದೇ ‘ಫೌಂಡೇಶನ್’ ಆಧರಿಸಿದ ಧಾರಾವಾಹಿಯನ್ನು (2021) ಒಂದೇ ಏಟಿಗೆ ತಳ್ಳಿಹಾಕಲಾಗದು. ಪುಸ್ತಕದಲ್ಲಿ ಸಾಲ್ವರ್ ಹಾರ್ಡಿನ್ ಎಂಬ ನಾಯಕ, ಮೇಲೆ ಬಿದ್ದ ರಾಜ್ಯವನ್ನು ಗುಂಡಿಲ್ಲದೆ ಹಿಮ್ಮೆಟ್ಟಿಸುತ್ತಾನೆ. ಅಣುಶಕ್ತಿ ಆ ಒಂದು ರಾಜ್ಯದ ಕೈ ಸೇರಿದರೆ ನಿಮ್ಮ ಗತಿಯೇನು ಎಂದು ನೆರೆಯ ಮೂರು ರಾಜ್ಯಗಳಿಗೆ ಹೋಗಿ ಕೇಳಿಬರುತ್ತಾನೆ, ಅಷ್ಟೇ. ತೆರೆಯ ಮೇಲೆ ಹಾರ್ಡಿನ್ ಹೆಣ್ಣಾಗಿದ್ದಾಳೆ. ಅದರಿಂದ ಏನೂ ಕೆಟ್ಟಿಲ್ಲ. ಕೆಟ್ಟದ್ದು ಆಕೆಯ ಕೈಗೆ ಬಂದೂಕು ಬಂದಾಗ. ಅದೇ ಧಾರಾವಾಹಿಯಲ್ಲಿ ಪುಸ್ತಕದಲ್ಲಿಲ್ಲದ ಇನ್ನೊಂದು ಸಂಗತಿಯಿದೆ: ಒಬ್ಬನೇ ಚಕ್ರವರ್ತಿಯ ತದ್ರೂಪಿಗಳಾದ ಬಾಲಕ, ನಡುವಯಸ್ಕ, ಮುದುಕ ಮೂವರೂ ಒಂದೇ ಮೇಜಿಗೆ ಕೂತು ಉಣ್ಣುತ್ತಾರೆ, ಶತಮಾನಗಳಿಂದ ಹೀಗೇ. ಬದಲಾಗಲಾರದ ಸಾಮ್ರಾಜ್ಯ ಒಳಗೊಳಗೇ ಕೊಳೆಯುವುದನ್ನು ಆ ಊಟದ ಮೇಜು ಎಷ್ಟು ಚೆನ್ನಾಗಿ ಹೇಳುತ್ತದೆ! ಅಸಿಮೋವ್ ಬರೆಯದಿದ್ದರೂ ಇದು ಅಸಿಮೋವ್‌ನದೇ ರಸ.

ಬದಲಾವಣೆಯಲ್ಲೂ ಸೊಗಸು ಹೇಗೆ ಉಳಿಯುತ್ತದೆ ಎನ್ನುವುದಕ್ಕೆ 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಇದೆ. ಕ್ಲಾರ್ಕ್ ಕಾದಂಬರಿಯಲ್ಲಿ ನೌಕೆ ಶನಿಗೆ ಹೋಗುತ್ತದೆ. ಬಳೆಗಳು ನಂಬುವಂತೆ ಮೂಡದಿದ್ದುದರಿಂದ ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಅದನ್ನು ಗುರುಗ್ರಹಕ್ಕೇ ನಿಲ್ಲಿಸಿದ. ಮುಂದಿನ ಕಾದಂಬರಿ ಬರೆಯುವಾಗ ಕ್ಲಾರ್ಕ್ ತಾನೇ ಸಿನಿಮಾದ ಗುರುವನ್ನು ಒಪ್ಪಿಕೊಂಡ. ಹ್ಯಾಲ್ ಎಂಬ ಗಣಕ ಯಾಕೆ ಕೊಲೆಗಿಳಿಯಿತೆಂದು ಪುಸ್ತಕ ಬಿಡಿಸಿ ಹೇಳುತ್ತದೆ. ಸತ್ಯ ಮುಚ್ಚಿಡಬೇಕೆಂಬ ಆಜ್ಞೆ ಅದನ್ನು ಸೀಳಿಹಾಕಿತ್ತು. ಸಿನಿಮಾ ಬಾಯಿಬಿಡುವುದಿಲ್ಲ. ಗಗನಯಾತ್ರಿ ಒಂದೊಂದೇ ನೆನಪಿನ ಬಿಲ್ಲೆ ಕೀಳುತ್ತಿದ್ದಂತೆ ಹ್ಯಾಲ್‌ನ ದನಿ ಎಳೆಎಳೆಯಾಗಿ ಇಳಿದು ಬಾಲಪಾಠದ ಹಾಡಿಗೆ ಬಂದು ನಿಲ್ಲುತ್ತದೆ. ಕಾರಣವನ್ನು ತೆಗೆದರು, ವಿಸ್ಮಯವನ್ನು ಬಿಡಲಿಲ್ಲ.

ಇದೇ ಅಳತೆಗೋಲು ಹಿಡಿದು ಕಾಯಬೇಕಾದ ಇನ್ನೊಂದು ಚಿತ್ರವಿದೆ. ಕ್ಲಾರ್ಕ್‌ನ ‘ರಾಂಡೆವೂ ವಿತ್ ರಾಮ’ (1973) ಕಾದಂಬರಿಯನ್ನು ಡೆನಿ ವಿಲ್ನವ್ ತೆರೆಗೆ ತರುವ ಮಾತು 2021ರಿಂದ ಕೇಳುತ್ತಿದೆ. ಐವತ್ತು ಕಿ.ಮೀ. ಉದ್ದದ ಟೊಳ್ಳು ಕೊಳವೆಯಂಥ ನೌಕೆ. ಅದರ ನಡುವಿಗೆ ಸುತ್ತಿಕೊಂಡ ಕಡಲು, ದಡದಲ್ಲಿ ನಿಂತು ತಲೆಯೆತ್ತಿದರೆ ಅದೇ ನೀರು ನೆತ್ತಿಯ ಮೇಲೆ. ಅದನ್ನು ಕಟ್ಟಿದವರು ಕೊನೆತನಕ ಕಾಣಿಸುವುದಿಲ್ಲ. ನಮ್ಮನ್ನು ಕ್ಯಾರೇ ಅನ್ನದೆ ಆ ನೌಕೆ ಸೂರ್ಯನನ್ನು ಬಳಸಿಕೊಂಡು ಹೊರಟುಹೋಗುತ್ತದೆ. ಪಾತ್ರ ಬದಲಾಗಲಿ, ಮಾತು ಬದಲಾಗಲಿ, ಬೇಕಿದ್ದರೆ ಆ ಕಡಲಿನ ಬಣ್ಣವೂ ಬದಲಾಗಲಿ. ಅದನ್ನು ಕಟ್ಟಿದವರ ಮುಖವನ್ನು ಮಾತ್ರ ಯಾವ ನಿರ್ದೇಶಕನೂ ತೋರಿಸದಿರಲಿ.