ಎಂಟು ನಿಮಿಷದ ಪ್ರಬೋಧನೆ

ಶುಭಸಂದೇಶ ಓದಿದ ಮೇಲೆ ಗುರುಗಳು ನೀಡುವ ಪ್ರಬೋಧನೆ ನನ್ನ ಮಟ್ಟಿಗೆ ದೊಡ್ಡ ಕಲೆ. ಅದು ಎಂಟು ನಿಮಿಷ ದಾಟಬಾರದು ಎಂದು 2024ರಲ್ಲಿ ಪೋಪ್ ಫ್ರಾನ್ಸಿಸ್ ಹೇಳಿದ್ದರು. 2005ರಲ್ಲಿ ಧರ್ಮಕ್ಷೇತ್ರವಾದ ಕಲಬುರಗಿಯಲ್ಲಿ ಆ ಕಲೆಗೆ ಬೇಕಾದ ಸರಕು ಹೊಲದಲ್ಲೇ ಇದೆ. ಎರೆಭೂಮಿಯಲ್ಲಿ ತೊಗರಿ ಬೆಳೆಯುವವರಿಗೆ ಮತ್ತಾಯನ ಬಿತ್ತುವವನ ಸಾಮತಿಯನ್ನು ಬಿಡಿಸಿ ಹೇಳಬೇಕಿಲ್ಲ. ಕಷ್ಟದ್ದು ಅದೇ ಮತ್ತಾಯನ 20ನೇ ಅಧ್ಯಾಯದ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ. ದ್ರಾಕ್ಷಿತೋಟ ಎಂದರೆ ಕಮಲಾಪುರದವರಿಗೆ ತಮ್ಮ ಕೆಂಪು ಬಾಳೆಯ ತೋಟ ನೆನಪಾದೀತು. ಆದರೆ ಸಂಜೆ ಐದಕ್ಕೆ ಬಂದವನಿಗೂ ಇಡೀ ದಿನದ ಕೂಲಿಯೇ? ಬೆಳಗಿನಿಂದ ದುಡಿದವರ ಸಿಟ್ಟು ನ್ಯಾಯವೆಂದೇ ಕಾಣುತ್ತದೆ. ಒಳ್ಳೆಯ ಪ್ರಬೋಧಕರು ಆ ಸಿಟ್ಟನ್ನು ಗದರಿಸುವುದಿಲ್ಲ. ಸಂಜೆಯವರೆಗೂ ಯಾರೂ ಕರೆಯದೆ ನಿಂತವನ ಮನೆಯ ಒಲೆಯತ್ತ ನಮ್ಮ ಕಣ್ಣು ತಿರುಗಿಸುತ್ತಾರೆ. ಆ ತಿರುವು ನನಗೆ ಬಲು ಇಷ್ಟ.